ಎರಡು ಕಿಲೋ ಕೊಸರು

ನಮ್ಮ ದಳದ ಚರಿತ್ರೆ ಬರೆಯಲು ನನಗೆ ಕೊಟ್ಟ ಕೋಣೆಗೆ ಕಿಟಕಿ ಇರಲಿಲ್ಲ. ಚರಿತ್ರೆ ಬರೆಯುವವನಿಗೆ ಗಾಳಿ ಬೆಳಕು ಯಾಕೆ ಎಂದುಕೊಂಡಿರಬೇಕು. ಒಂದು ಮೇಜು, ಕಾಲು ಅಲ್ಲಾಡುವ ಕುರ್ಚಿ, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಐವತ್ತೊಂದು ವರ್ಷದ ಕಾಗದ. ನಮ್ಮದು ಸೇನೆಯ ಸಾಗಣೆ ವಿಮಾನಗಳ ದಳ. ಬಾಂಬು ಹಾಕುವವರಲ್ಲ, ಹೊರುವವರು. ಹಿಟ್ಟು, ಔಷಧಿ, ಡೀಸೆಲ್ಲು, ಸೈನಿಕರು, ಸೈನಿಕರ ಹೆಣಗಳು, ಒಮ್ಮೆ ಯಾರೋ ದೊಡ್ಡ ಸಾಹೇಬರ ಪಿಯಾನೊ, ಎಲ್ಲವನ್ನೂ ಹೊತ್ತಿದ್ದೇವೆ. ಈಗ ವಿಮಾನಗಳು ಹಳತಾದವು, ದಳವನ್ನು ಮುಚ್ಚಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಮುಚ್ಚುವ ಮೊದಲು ಒಂದು ಪುಸ್ತಕ ಬರಬೇಕಂತೆ. ಯಾರು ಬರೆಯಬೇಕು ಎಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಬದುಕಿರುವ ಹಳಬರಲ್ಲಿ ಕಾಗದ ಓದುವಷ್ಟು ಕಣ್ಣು, ಓದಿದ್ದು ನೆನಪಿರುವಷ್ಟು ತಲೆ, ಎರಡೂ ಇರುವವನು ನಾನೊಬ್ಬನೇ. ಬೇರೆ ಕೆಲಸವಿಲ್ಲದವನೂ ನಾನೇ.

ಸುಳ್ಳು ಯಾಕೆ ಹೇಳಲಿ, ಕರೆ ಬಂದಾಗ ಖುಷಿಯಾಯಿತು. ಹೆಂಡತಿ ಹೋಗಿ ಮೂರು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿದ್ದೆ. ಕೆಲವು ದಿನ ಬೆಳಗಿನಿಂದ ಒಂದು ಮಾತೂ ಆಡದೆ ಸಂಜೆ ಹಾಲಿನಂಗಡಿಯಲ್ಲಿ ‘ಅರ್ಧ ಲೀಟರ್’ ಎಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು. ಹಾಲಿನವನೊಡನೆ ಜಗಳವಾಡಲೂ ಕಾರಣ ಹುಡುಕುತ್ತಿದ್ದೆ. ಜಗಳವೂ ಒಂದು ಮಾತುಕತೆ ತಾನೆ. ದಳದ ಕಚೇರಿಯಲ್ಲಿ ಕೊನೆಗೆ ಆ ಗುಮಾಸ್ತೆ ಹೆಂಗಸಾದರೂ ಮಧ್ಯಾಹ್ನ ಬಾಗಿಲಲ್ಲಿ ತಲೆ ಹಾಕಿ ಊಟ ಆಯಿತೇ ಎಂದು ಕೇಳುತ್ತಿದ್ದಳು. ಆಗಿರದಿದ್ದರೂ ಆಯಿತು ಎನ್ನುತ್ತಿದ್ದೆ. ಕೇಳಿದಳಲ್ಲ, ಅಷ್ಟು ಸಾಕಿತ್ತು.

ದಳದಲ್ಲಿ ನನ್ನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ. ಎಲ್ಲರಿಗೂ ನಾನು ತಕ್ಕಡಿ. ನನ್ನ ಕೆಲಸ ಲೋಡ್‌ಮಾಸ್ಟರ್‌ನದು, ಅಂದರೆ ವಿಮಾನದೊಳಗೆ ಏನು, ಎಷ್ಟು, ಎಲ್ಲಿ ಹೇರಬೇಕೆಂದು ನೋಡುವವನು. ಹೊರಡುವ ಮೊದಲು ಪ್ರತಿಯೊಂದು ಚೀಲವನ್ನೂ ಪ್ರತಿಯೊಬ್ಬ ಮನುಷ್ಯನನ್ನೂ ತೂಗಿ ಹಾಳೆಯಲ್ಲಿ ಬರೆಯಬೇಕು, ಕೂಡಿಸಬೇಕು, ಕ್ಯಾಪ್ಟನ್ ಹೇಳಿದ ಮಿತಿ ದಾಟದಂತೆ ನೋಡಿಕೊಳ್ಳಬೇಕು. ನಮ್ಮ ಹಾಳೆಯಲ್ಲಿ ಹೆಸರಿಗೆ ಜಾಗವೇ ಇಲ್ಲ. ಸಾಲಿನ ಸಂಖ್ಯೆ, ತೂಕ, ಅಷ್ಟೆ. ಮಂತ್ರಿಯಾದರೂ ಎಂಬತ್ತೆರಡು ಕಿಲೋ, ಅಡುಗೆಯವನಾದರೂ ಎಂಬತ್ತೆರಡು ಕಿಲೋ. ಈ ಸಮಾನತೆ ನನಗೆ ಆಗ ಬಹಳ ಇಷ್ಟವಾಗಿತ್ತು.

ನನಗೆ ಕೆಲಸ ಕಲಿಸಿದ ಹಿರಿಯ ಲೋಡ್‌ಮಾಸ್ಟರ್ ಮೊದಲ ದಿನವೇ ಒಂದು ಗುಟ್ಟು ಹೇಳಿದ್ದ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಜನ ಹೇಳುತ್ತಾರೆ. ಜೇಬಲ್ಲಿ ಏನೋ ಇಟ್ಟುಕೊಂಡಿರುತ್ತಾರೆ, ಒಂದು ಕಾಲು ನೆಲದ ಮೇಲೆ ಊರಿರುತ್ತಾರೆ. ಆದ್ದರಿಂದ ಮುಳ್ಳು ಎಷ್ಟೇ ತೋರಿಸಲಿ, ತಲೆಗೆ ಎರಡು ಕಿಲೋ ಸೇರಿಸಿ ಬರೆ. ಯಾರಿಗೂ ಹೇಳಬೇಡ. ತರಕಾರಿಯವಳು ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾಳಲ್ಲ, ಹಾಗೆಯೇ ಅದಕ್ಕೂ ಕೊಸರು ಎಂದೇ ಹೆಸರು. ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ನಮ್ಮ ದಳದ ಲೋಡ್‌ಮಾಸ್ಟರ್‌ಗಳೆಲ್ಲ ಹಾಗೇ ಬರೆದರು. ಒಂದು ವರ್ಷದೊಳಗೆ ಅದು ನನ್ನ ಕೈಗೆ ಎಷ್ಟು ಒಗ್ಗಿಹೋಯಿತೆಂದರೆ ಕಣ್ಣು ಐವತ್ತಾರು ಎಂದು ಓದುತ್ತಿತ್ತು, ಕೈ ಐವತ್ತೆಂಟು ಎಂದು ಬರೆಯುತ್ತಿತ್ತು, ತಲೆಗೆ ಈ ವ್ಯವಹಾರದ ಸುದ್ದಿಯೇ ಇರುತ್ತಿರಲಿಲ್ಲ.

ಪುಸ್ತಕದ ಕೆಲಸ ಶುರುವಾಗಿ ಎರಡು ವಾರಕ್ಕೆ ಆ ಮನುಷ್ಯ ಬಂದ. ದಳ ಮುಚ್ಚುತ್ತಿದೆ, ನೆನಪುಗಳಿದ್ದವರು ತಿಳಿಸಿ ಎಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದ್ದರು. ಬಂದವನಿಗೆ ನಲವತ್ತರ ಹತ್ತಿರ. ಎಣ್ಣೆ ಹಿಡಿದ ಉಗುರು, ಹೆಗಲಲ್ಲಿ ಸ್ಪ್ಯಾನರುಗಳ ಚೀಲ. ಲಿಫ್ಟ್ ರಿಪೇರಿ ಮಾಡುವವನಂತೆ. ಕುಳಿತುಕೊಳ್ಳಲು ಹೇಳಿದರೂ ನಿಂತೇ ಇದ್ದ. ಪ್ಲಾಸ್ಟಿಕ್ ಕವರಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅನಾಥಾಲಯದ ಚೀಟಿ. ಒಂದು ತಾರೀಖು, ನಮ್ಮ ದಳದ ಸಂಖ್ಯೆ, ಕೆಳಗೆ ‘ಗಂಡುಮಗು, ನಾಲ್ಕು ಕಿಲೋ’ ಎಂದಿತ್ತು.

ತಾರೀಖು ನೋಡಿದ್ದೇ ಗುರುತು ಸಿಕ್ಕಿತು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುವವನಂತೆ ನಟಿಸಿದೆ.

ಅವನ ಕಥೆ ಎರಡೇ ಮಾತಿನದು. ಅನಾಥಾಲಯದಲ್ಲಿ ದೊಡ್ಡವರು ಅವನಿಗೆ ಹೇಳಿಕೊಟ್ಟಿದ್ದು, ನಿನ್ನ ತಾಯಿ ಓಡುತ್ತಿದ್ದ ವಿಮಾನದೊಳಕ್ಕೆ ನಿನ್ನನ್ನು ಎಸೆದು ಹೋದಳು ಎಂದು. ಮೂವತ್ತೆಂಟು ವರ್ಷ ಅದನ್ನೇ ನಂಬಿಕೊಂಡು ಬಂದಿದ್ದ. ಮದುವೆಯಾಗಿ, ಒಬ್ಬ ಮಗಳು ಹುಟ್ಟಿ, ಅವಳು ನಾಲ್ಕು ಕಿಲೋ ಇದ್ದ ದಿನ ಕೈಯಲ್ಲಿ ಹಿಡಿದು ನೋಡಿದಾಗ, ಇಷ್ಟನ್ನು ಎಸೆಯಲು ಹೇಗೆ ಮನಸ್ಸು ಬರುತ್ತದೆ ಎಂಬ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತಂತೆ.

“ಎಸೆದ್ರೋ ಕೊಟ್ರೋ, ಅಷ್ಟು ಗೊತ್ತಾದ್ರೆ ಸಾಕು ಸಾರ್,” ಎಂದ.

“ಕೊಟ್ರು,” ಎಂದೆ. “ನನ್ನ ಕೈಗೇ ಕೊಟ್ರು.”

ಆಗ ಅವನು ಕುಳಿತುಕೊಂಡ. ಆ ಅಲ್ಲಾಡುವ ಕುರ್ಚಿಯಲ್ಲಿ ಕುಳಿತು ನೆಲ ನೋಡುತ್ತಿದ್ದವನಿಗೆ ನಾನು ಆ ದಿನವನ್ನು ಹೇಳಿದೆ.

ಸುತ್ತಲೂ ಗುಡ್ಡ, ಮಧ್ಯದಲ್ಲಿ ಒಂದು ಪಟ್ಟಣ, ಪಟ್ಟಣಕ್ಕೆ ಎಲ್ಲ ಕಡೆಯಿಂದಲೂ ಶತ್ರುಗಳ ಮುತ್ತಿಗೆ. ಇಪ್ಪತ್ತಾರು ದಿನ ನಾವು ಹಿಟ್ಟು ಇಳಿಸಿ ಜನರನ್ನು ಹತ್ತಿಸಿಕೊಂಡು ಬರುತ್ತಿದ್ದೆವು. ರನ್‌ವೇ ಅರ್ಧ ಕಿತ್ತುಹೋಗಿತ್ತು. ಹದಿನೈದು ದಿನ ಹಿಂದೆ ನಮ್ಮದೇ ಇನ್ನೊಂದು ವಿಮಾನ ಹೆಚ್ಚು ಭಾರ ಹೊತ್ತು, ಮೇಲೇಳಲಾರದೆ ರನ್‌ವೇಯ ಕೊನೆಯ ಕಲ್ಲುರಾಶಿಗೆ ಹೋಗಿ ಬಿದ್ದಿತ್ತು. ಒಬ್ಬರೂ ಉಳಿಯಲಿಲ್ಲ. ಅಂದಿನಿಂದ ನಮ್ಮ ಕ್ಯಾಪ್ಟನ್ ಒಂದೇ ಮಾತು ಹಿಡಿದಿದ್ದ: ಮಿತಿ ಮೂರು ಸಾವಿರದ ಆರುನೂರು, ಅದರ ಮೇಲೆ ಒಂದು ಕಿಲೋ ಬಂದರೂ ಎಂಜಿನ್ ಆರಿಸುತ್ತೇನೆ. ಆ ದಿನ ಅರವತ್ತೆರಡು ಜನ ಹತ್ತಿದ್ದರು. ನನ್ನ ಹಾಳೆಯ ಮೊತ್ತ ಮೂರು ಸಾವಿರದ ಐನೂರ ತೊಂಬತ್ತಾರು. ಅರವತ್ತಮೂರನೆಯವಳಾಗಿ ತಕ್ಕಡಿಯ ಮುಂದೆ ನಿಂತಿದ್ದವಳು ಅವನ ತಾಯಿ. ಅವಳ ಹಿಂದೆ ಇನ್ನೂ ನಲವತ್ತು ಜನ.

ನಾನು ಅವಳಿಗೆ ಹೇಳಿದ್ದು ಇಷ್ಟೇ: ಇನ್ನು ನಾಲ್ಕು ಕಿಲೋ ಮಾತ್ರ ಹಿಡಿಯುತ್ತದಮ್ಮ, ನೀವು ಮುಂದಿನ ವಿಮಾನಕ್ಕೆ ಬನ್ನಿ. ಅವಳು ನನ್ನ ಮುಖ ನೋಡಿದಳು, ಎಂಜಿನ್ನಿನ ಕಡೆ ನೋಡಿದಳು, ಆಮೇಲೆ ಮಗುವನ್ನು ಮುಂದೆ ಹಿಡಿದಳು. ಅಂಚೆ ಚೀಲ ತೂಗುವ ಸಣ್ಣ ತಕ್ಕಡಿಯಲ್ಲಿ ಮಗುವನ್ನು ಮಲಗಿಸಿದೆವು. ಆಗ ಅವಳು ಒಂದು ಮಾತು ಹೇಳಿದಳು. ಆ ಮಾತನ್ನು ನಾನು ಅವನಿಗೆ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ‘ನಾಲ್ಕು’ ಎಂದು ಹಾಳೆಯಲ್ಲಿ ಬರೆದು, ಮಗುವನ್ನು ನನ್ನ ಕೋಟಿನೊಳಗೆ ಸೇರಿಸಿಕೊಂಡು ಹತ್ತಿದೆ. ಮುಂದಿನ ವಿಮಾನ ಹೋಗಲೇ ಇಲ್ಲ. ಅದೇ ಸಂಜೆ ರನ್‌ವೇ ಪೂರ್ತಿ ನಾಶವಾಯಿತು, ಮೂರು ದಿನಕ್ಕೆ ಪಟ್ಟಣವೂ ಬಿತ್ತು. ಉಳಿದವರ ಸುದ್ದಿ ಯಾರಿಗೂ ಸಿಗಲಿಲ್ಲ.

ಅವನು ಚೀಟಿಯನ್ನು ಕವರಿನೊಳಗೆ ಹಾಕುತ್ತ, “ಪಾಪ, ಜಾಗ ಇರ್ಲಿಲ್ಲ. ಅವರೇನು ಮಾಡ್ತಾರೆ,” ಎಂದ. ಅವರು ಎಂದಿದ್ದು ತಾಯಿಯನ್ನೋ ನನ್ನನ್ನೋ ತಿಳಿಯಲಿಲ್ಲ. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡ. ನನ್ನ ಕೈಯನ್ನು ಯಾರಾದರೂ ಹಿಡಿದು ಮೂರು ವರ್ಷವಾಗಿತ್ತು.

ಅಲ್ಲಿಂದ ಅವನು ಪ್ರತಿ ಭಾನುವಾರ ನನ್ನ ಮನೆಗೆ ಬರತೊಡಗಿದ. ಮೊದಲ ಭಾನುವಾರ ಬನ್ನು ತಂದ. ಎರಡನೆಯ ಭಾನುವಾರ, ಎಂಟು ತಿಂಗಳಿಂದ ಸೋರುತ್ತಿದ್ದ ನಲ್ಲಿಯನ್ನು ಕೇಳದೆಯೇ ಬಿಚ್ಚಿ ಹಾಕಿ ಸರಿಮಾಡಿದ. ‘ಸಾರ್’ ಹೋಗಿ ಯಾವಾಗ ‘ದೊಡ್ಡಪ್ಪ’ ಬಂತೋ ನನಗೆ ಗೊತ್ತೇ ಆಗಲಿಲ್ಲ. ಮಗಳನ್ನು ಒಂದು ದಿನ ಕರೆತರುತ್ತೇನೆ, ಬಾಯಿ ಮುಚ್ಚುವುದೇ ಇಲ್ಲ, ನಿಮ್ಮ ತಲೆ ತಿಂದುಬಿಡುತ್ತಾಳೆ ಎಂದ. ತಿನ್ನಲಿ, ಖಾಲಿಯೇ ಇದೆ ಎಂದೆ. ಶನಿವಾರ ಸಂಜೆಯೇ ನಾನು ಎರಡು ಲೋಟ ತೊಳೆದಿಡುತ್ತಿದ್ದೆ. ಹಾಲಿನವನ ಜೊತೆ ಜಗಳ ನಿಂತುಹೋಯಿತು. ಅರ್ಧ ಲೀಟರಿನ ಬದಲು ಒಂದು ಲೀಟರ್ ಕೇಳಿದಾಗ ಅವನೇ ಹುಬ್ಬೇರಿಸಿ, ಮನೆಗೆ ನೆಂಟರೋ ಎಂದು ಕೇಳಿದ. ಹೌದಯ್ಯಾ, ನಿನಗೇನು ಹೊಟ್ಟೆಯುರಿ ಎಂದು ಗದರಿಸಿ ಬಂದೆ.

ಅವನು ಪ್ರತಿ ಸಲವೂ ಅದೇ ದಿನವನ್ನು ಕೇಳುತ್ತಿದ್ದ. ವಿಮಾನದಲ್ಲಿ ನಾನು ಅತ್ತೆನೇ? ಇಲ್ಲ, ಎಂಜಿನ್ನಿನ ಸದ್ದಿಗೆ ನೀನು ನಿದ್ದೆ ಹೋದೆ. ಎಷ್ಟು ಹೊತ್ತು? ಒಂದು ಗಂಟೆ ಹತ್ತು ನಿಮಿಷ. ಆಮೇಲೆ? ಇಳಿದ ಮೇಲೆ ಆರೋಗ್ಯ ಶಿಬಿರದ ನರ್ಸಿನ ಕೈಗೆ ಕೊಟ್ಟೆ. ಅಲ್ಲಿಗೆ ನನ್ನ ಉತ್ತರ ಮುಗಿಯುತ್ತಿತ್ತು. ಇಳಿಸಿದ ಮೇಲೆ ಸರಕು ನಮ್ಮದಲ್ಲ ಎನ್ನುವುದು ದಳದ ನಿಯಮ. ಆ ದಿನ ಮನೆಗೆ ಹೋದಾಗ ನನ್ನ ಹೆಂಡತಿ ಕೋಟು ಒಗೆಯಲು ತೆಗೆದುಕೊಂಡು, ಎದೆಯ ಹತ್ತಿರ ಹಾಲು ಕಕ್ಕಿದ ಕಲೆ ನೋಡಿ, ಯಾವ ಮಗು ಎಂದು ಕೇಳಿದ್ದಳು. ಹೇಳಿದೆ. ಆ ವಾರವೆಲ್ಲ ಅವಳು ಕೇಳಿದ್ದೇ ಕೇಳಿದ್ದು: ಎಲ್ಲಿಟ್ಟಿದ್ದಾರೆ, ಒಂದು ಸಲ ಹೋಗಿ ನೋಡಿಕೊಂಡು ಬರೋಣವೇ. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೊತ್ತು ತಂದದ್ದನ್ನೆಲ್ಲ ನೋಡುತ್ತ ಹೋದರೆ ಮನುಷ್ಯ ಕೆಲಸ ಮಾಡುವುದು ಯಾವಾಗ ಎಂದು ರೇಗಿದೆ. ಅವಳು ಮತ್ತೆ ಕೇಳಲಿಲ್ಲ. ಈಗ ಅವಳಿದ್ದಿದ್ದರೆ ಪ್ರತಿ ಭಾನುವಾರ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಇಷ್ಟರಲ್ಲಿ ಪುಸ್ತಕದ ಕೆಲಸ ಆ ವರ್ಷಕ್ಕೇ ಬಂದು ನಿಂತಿತು. ಕಚೇರಿಯ ಅಧಿಕಾರಿ ಒಳ್ಳೆಯ ಹೆಣ್ಣುಮಗಳು, ಆದರೆ ಬಲು ಅವಸರದವಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡ ಅಕ್ಷರದ ಸಂಖ್ಯೆಗಳು. ಮುತ್ತಿಗೆಯ ಆ ಇಪ್ಪತ್ತಾರು ದಿನಕ್ಕೆ ಎಷ್ಟು ಜನ, ಎಷ್ಟು ಟನ್ನು ಎಂದು ಒಂದು ಪುಟ ಕೇಳಿದಳು. ನಮ್ಮ ಹಾಳೆಗಳನ್ನು ಶಿಬಿರದ ಕಾಗದಗಳೊಂದಿಗೆ ಹೋಲಿಸಿ ನೋಡೋಣವೆಂದು ಕಪಾಟಿನ ತಳದಿಂದ ವೈದ್ಯರ ದಾಖಲೆ ಪುಸ್ತಕವನ್ನು ಎಳೆದೆ. ಶಿಬಿರದ ವೈದ್ಯರು ಇಳಿದವರನ್ನೆಲ್ಲ ಅದೇ ದಿನ ಪರೀಕ್ಷೆ ಮಾಡಿ ಬರೆದಿಟ್ಟಿದ್ದರು. ಹೆಸರು, ವಯಸ್ಸು, ಜ್ವರ, ತೂಕ.

ಆ ಕೊನೆಯ ವಿಮಾನದ ಅರವತ್ತೆರಡು ಜನರ ತೂಕ ವೈದ್ಯರ ಪುಸ್ತಕದಲ್ಲಿ ಕೂಡಿಸಿದೆ. ಮೂರು ಸಾವಿರದ ನಾನೂರ ಎಪ್ಪತ್ತೆರಡು ಬಂತು. ನನ್ನ ಹಾಳೆಯಲ್ಲಿ ಮೂರು ಸಾವಿರದ ಐನೂರ ತೊಂಬತ್ತಾರು. ಲೆಕ್ಕ ತಪ್ಪಿದೆ ಎಂದುಕೊಂಡು ಮತ್ತೆ ಕೂಡಿಸಿದೆ. ವೈದ್ಯರನ್ನು ಬೈದುಕೊಂಡು ಮೂರನೆಯ ಸಲ ಕೂಡಿಸಿದೆ. ನೂರಿಪ್ಪತ್ತನಾಲ್ಕು ಕಿಲೋ ವ್ಯತ್ಯಾಸ. ಅರವತ್ತೆರಡು ತಲೆ, ತಲೆಗೆ ಎರಡು.

ಪೆನ್ಸಿಲ್ ಕೆಳಗಿಟ್ಟೆ. ಕೊಸರು! ನನ್ನ ಕೈಯಲ್ಲಿ ನಾನೇ ಇಟ್ಟುಕೊಂಡ ಕೊಸರು. ನಾಲ್ಕು ಕಿಲೋ ಮಾತ್ರ ಹಿಡಿಯುತ್ತದಮ್ಮ ಎಂದು ನಾನು ಹೇಳಿದಾಗ ವಿಮಾನದಲ್ಲಿ ನೂರಿಪ್ಪತ್ತೆಂಟು ಕಿಲೋಗೆ ಜಾಗವಿತ್ತು. ಕೈ ಕೂಡಿಸಿ ಬರೆದ ಸುಳ್ಳನ್ನು ತಲೆ ಸತ್ಯವೆಂದು ಓದಿಕೊಂಡು, ಅದನ್ನೇ ಬಾಯಿ ಅವಳಿಗೆ ಹೇಳಿತ್ತು. ಆಕೆ ತೂಕದಲ್ಲಿ ಎಷ್ಟಿದ್ದಾಳು? ಇಪ್ಪತ್ತಾರು ದಿನದ ಉಪವಾಸದ ದೇಹ, ನನ್ನ ಕಣ್ಣಂದಾಜು ಒಂದು ಕಿಲೋ ಆಚೀಚೆ ಆಗುವುದಿಲ್ಲ. ನಲವತ್ತೈದು.

ಗುಮಾಸ್ತೆ ತಲೆ ಹಾಕಿ ಊಟ ಆಯಿತೇ ಎಂದಳು. ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳು ಹೆದರಿ ಬಾಗಿಲು ಹಾಕಿಕೊಂಡು ಹೋದಳು. ಆಮೇಲೆ ಅವಳನ್ನು ಹುಡುಕಿಕೊಂಡು ಹೋಗಿ ತಪ್ಪಾಯಿತಮ್ಮಾ ಎಂದೆ. ಆ ದಿನ ಯಾರಿಗಾದರೂ ಒಬ್ಬರಿಗೆ ತಪ್ಪಾಯಿತು ಎನ್ನಬೇಕಾಗಿತ್ತು.

ಆ ಕ್ಯಾಪ್ಟನ್ ಸತ್ತು ಹತ್ತು ವರ್ಷವಾಗಿದೆ. ಅಂದು ಅವನ ಪಕ್ಕ ಕುಳಿತಿದ್ದ ಕೋ-ಪೈಲಟ್ ಬದುಕಿದ್ದಾನೆ. ಕಿವಿ ಮಂದ, ಆದರೂ ಫೋನು ಮಾಡಿದೆ. ನಿಜವಾದ ಮಿತಿ ಎಷ್ಟಿತ್ತು ಎಂದು ಮೂರು ಸಲ ಕಿರುಚಿ ಕೇಳಿದ ಮೇಲೆ ಅವನು ನಕ್ಕ. ಕ್ಯಾಪ್ಟನ್ ಯಾವಾಗಲೂ ಇನ್ನೂರು ಕಿಲೋ ಜೇಬಿನಲ್ಲಿ ಇಟ್ಟುಕೊಂಡೇ ಮಿತಿ ಹೇಳುತ್ತಿದ್ದನಂತೆ, ಲೋಡ್‌ಮಾಸ್ಟರ್‌ಗಳು ಕಳ್ಳರು, ಕಡಿಮೆ ಬರೆಯುತ್ತಾರೆ ಎಂಬ ಅನುಮಾನಕ್ಕೆ. “ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ನಲ್ಲೋ ತಕ್ಕಡಿ,” ಎಂದ. ಗೊತ್ತಿರಲಿಲ್ಲ. ನನ್ನ ಕೊಸರು ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ, ಅವನ ಕೊಸರು ನನಗೆ ಗೊತ್ತಿರಲಿಲ್ಲ. ಎರಡೂ ಸೇರಿದರೆ ಮುನ್ನೂರಿಪ್ಪತ್ತನಾಲ್ಕು ಕಿಲೋ ಖಾಲಿ ಜಾಗವನ್ನು ನಾವು ಆ ಪಟ್ಟಣದಿಂದ ಜೋಪಾನವಾಗಿ ಹೊತ್ತು ತಂದಿದ್ದೆವು.

ಇದನ್ನು ಭಾನುವಾರ ಬರುವವನಿಗೆ ಹೇಳಬೇಕು. ಹೇಳಬೇಕು ಎಂದು ಗೊತ್ತಾಗಲು ನನಗೆ ಅರ್ಧ ಗಳಿಗೆಯೂ ಬೇಕಾಗಲಿಲ್ಲ. ಆದರೆ ಮೂರು ಭಾನುವಾರ ಹೇಳಲಿಲ್ಲ. ಹೇಳಿದರೆ ಅವನು ಬರುವುದಿಲ್ಲ. ಬರದಿದ್ದರೆ ನನಗೆ ಮತ್ತೆ ಹಾಲಿನವನೇ ಗತಿ. ಇಷ್ಟೇ ಕಾರಣ, ಬೇರೆ ದೊಡ್ಡ ಕಾರಣವೇನೂ ಇಲ್ಲ. ಒಂಟಿ ಮನುಷ್ಯ ಎಷ್ಟು ಜಿಪುಣನಾಗುತ್ತಾನೆ ಎಂದು ಆ ಮೂರು ವಾರದಲ್ಲಿ ಕಂಡುಕೊಂಡೆ. ಇನ್ನೊಂದು ಭಾನುವಾರ ಇರಲಿ, ಅವನ ಮಗಳು ಒಂದು ಸಲ ಬಂದು ಹೋಗಲಿ, ಆಮೇಲೆ ಹೇಳೋಣ ಎಂದು ಮುಂದೂಡಿದೆ. ಆ ಮಗಳು ಮೂರನೆಯ ಭಾನುವಾರ ಬಂದಳು. ಹೇಳಿದ ಹಾಗೆಯೇ ತಲೆ ತಿಂದಳು. ನನ್ನ ಕನ್ನಡಕ ಹಾಕಿಕೊಂಡು ಕೋಣೆಯೆಲ್ಲ ಓಡಾಡಿದಳು. ಹೋಗುವಾಗ ಅಜ್ಜಾ ಟಾಟಾ ಎಂದಳು. ಅವರು ಮೆಟ್ಟಿಲಿಳಿದ ಮೇಲೆ ನಾನು ಹಾಸಿಗೆಯ ಮೇಲೆ ಕುಳಿತು ಗೋಡೆ ನೋಡಿದೆ. ನಾಚಿಕೆಯಿಂದ ಊಟ ಸೇರಲಿಲ್ಲ.

ನಾಲ್ಕನೆಯ ಭಾನುವಾರ ಅವನೊಬ್ಬನೇ ಬಂದ. ಚಹಾ ಕುಡಿಯುತ್ತ ಲಿಫ್ಟಿನ ಕಥೆ ಹೇಳತೊಡಗಿದ. ಒಂದು ಆಸ್ಪತ್ರೆಯಲ್ಲಿ ಎಂಟು ಜನರ ಲಿಫ್ಟಿಗೆ ಹತ್ತು ಜನ ನುಗ್ಗಿದ್ದರಂತೆ. ಅದು ಎರಡು ಮಹಡಿಯ ನಡುವೆ ನಿಂತಿತು. ಎಲ್ಲರೂ ಭಾರ ಹೆಚ್ಚಾಗಿ ನಿಂತಿತೆಂದು ಒಬ್ಬರನ್ನೊಬ್ಬರು ಬೈದುಕೊಂಡರಂತೆ.

“ಭಾರಕ್ಕಲ್ಲ ದೊಡ್ಡಪ್ಪ, ಬಾಗಿಲಿನ ಸ್ವಿಚ್ಚು ಹೋಗಿತ್ತು. ಎಂಟು ಅಂತ ಬರೆದಿರ್ತಾರೆ, ಹತ್ತು ಜನರನ್ನ ಆರಾಮಾಗಿ ಎಳೆಯುತ್ತೆ. ಬರೆಯೋವಾಗ್ಲೇ ಒಂದಿಷ್ಟು ಕೈಲಿಟ್ಕೊಂಡು ಬರೀತಾರೆ.” ನಗುತ್ತಲೇ ಕೇಳಿದ, “ವಿಮಾನದಲ್ಲೂ ಹಾಗೇನಾ?”

ಸುಮ್ಮನೆ ಕೇಳಿದ ಮಾತು. ಇಲ್ಲಪ್ಪ, ಅದು ಬೇರೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ಲೋಟ ಚಹಾ ಸುರಿದು ಮುಂದಿನ ಭಾನುವಾರಕ್ಕೆ ಹೋಗಬಹುದಿತ್ತು.

“ಹಾಗೇ,” ಎಂದೆ.

ಹೇಳಿದೆ. ಕಲಿಸಿದವನ ಗುಟ್ಟು, ಎರಡು ಕಿಲೋ, ವೈದ್ಯರ ಪುಸ್ತಕ, ಕ್ಯಾಪ್ಟನ್ ಜೇಬು, ಎಲ್ಲವನ್ನೂ ಹೇಳಿದೆ. ಮೂರು ವಾರದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ.

“ನಮ್ಮಮ್ಮ ಎಷ್ಟಿದ್ರು?” ಎಂದ.

“ನಲವತ್ತೈದು.”

“ನಿಮ್ಮ ಹತ್ರ ಎಷ್ಟಿತ್ತು?”

“ನೂರಿಪ್ಪತ್ತೆಂಟು. ಕ್ಯಾಪ್ಟನ್ ಹತ್ರ ಇನ್ನೂರು.”

ಅವನು ತುಟಿಯಲ್ಲೇ ಏನೋ ಲೆಕ್ಕ ಹಾಕಿದ. ಕಿರುಚಲಿಲ್ಲ. ಕಿರುಚಿದ್ದರೆ, ಒಂದೇಟು ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಎದ್ದುಹೋಗಿ ಲೋಟವನ್ನು ತಾನೇ ತೊಳೆದು, ಮಗುಚಿಟ್ಟು, ತಾನು ಸರಿಮಾಡಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನು ಅದುವರೆಗೆ ಒಂದು ದಿನವೂ ಲೋಟ ತೊಳೆದಿರಲಿಲ್ಲ. ಮನೆಯವರಂತೆ ಅಲ್ಲೇ ಇಟ್ಟು ಹೋಗುತ್ತಿದ್ದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಮೆಟ್ಟಿಲ ಮೇಲೆ ಕೆಳಗಿನ ಜೆರಾಕ್ಸ್ ಅಂಗಡಿಯವನ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಿದ್ದೆ. ಹಾಲು ಮತ್ತೆ ಅರ್ಧ ಲೀಟರಿಗೆ ಇಳಿಯಿತು. ಹಾಲಿನವನಿಗೆ ಅರ್ಥವಾಗಿರಬೇಕು, ಏನೂ ಕೇಳಲಿಲ್ಲ. ಮೊದಲಿನ ಒಂಟಿತನವನ್ನು ಹೇಗೋ ಸಹಿಸಿಕೊಂಡಿದ್ದೆ. ಈ ಎರಡನೆಯದು ತಡೆಯಲಾಗಲಿಲ್ಲ, ಯಾಕೆಂದರೆ ಇದಕ್ಕೆ ಒಂದು ಮುಖವಿತ್ತು, ಕನ್ನಡಕ ಹಾಕಿಕೊಂಡು ಓಡಾಡುವ ಒಂದು ಪುಟ್ಟ ಮುಖವೂ ಇತ್ತು.

ಮಾಡಲು ಉಳಿದಿದ್ದದ್ದು ಪುಸ್ತಕ. ಆ ದಿನದ ಪುಟವನ್ನು ಬರೆದೆ. ಅರವತ್ತೆರಡು ಜನ ಮತ್ತು ಒಂದು ಮಗು ಬಂದರು. ಇನ್ನೂ ಐದಾರು ಜನ ಬರಬಹುದಿತ್ತು. ಬರದಿದ್ದದ್ದು ವಿಮಾನದ ತಪ್ಪಲ್ಲ, ಕೊಸರಿನ ತಪ್ಪು, ಹಾಳೆ ಬರೆದವನು ನಾನು. ಅಧಿಕಾರಿ ಓದಿ ಕರೆಕಳಿಸಿದಳು. ಬೀಳ್ಕೊಡುಗೆಯ ಪುಸ್ತಕದಲ್ಲಿ ಇದೆಲ್ಲ ಯಾಕೆ ಯಜಮಾನರೇ, ನಿಮಗೇ ಕೆಟ್ಟ ಹೆಸರಲ್ಲವೇ ಎಂದಳು. ನನಗೆ ಹೆಸರೇ ಇಲ್ಲವಲ್ಲ, ನಾನು ತಕ್ಕಡಿ, ಇದು ಬೇಡವಾದರೆ ಉಳಿದ ಮುನ್ನೂರು ಪುಟವನ್ನೂ ಒಲೆಗೆ ಹಾಕಿ ಎಂದೆ. ಆಕೆ ಇನ್ನೊಮ್ಮೆ ಓದಿದಳು. ಆಮೇಲೆ ಪುಟದ ಮೂಲೆಯಲ್ಲಿ ಸಹಿ ಹಾಕಿ ಅಚ್ಚಿಗೆ ಕಳಿಸಿದಳು.

ದಳ ಮುಚ್ಚುವ ದಿನ ಬಂತು. ಭಾಷಣಗಳಾದವು, ಬಾವುಟ ಇಳಿಸಿದರು, ಪುಸ್ತಕ ಹಂಚಿದರು. ಜನ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ತೂಕದ ಶೆಡ್ಡಿಗೆ ಹೋದೆ. ಜನರನ್ನು ತೂಗುವ ದೊಡ್ಡ ತಕ್ಕಡಿ, ಅದರ ಅಗಲವಾದ ಕಬ್ಬಿಣದ ಹಲಗೆ ಇನ್ನೂ ನೆಲದ ಮೇಲೇ ಇತ್ತು. ಮರುದಿನ ಗುಜರಿಯವರು ಬರುವವರಿದ್ದರು. ಬಟ್ಟೆಯಿಂದ ಅದರ ಗಾಜು ಒರೆಸುತ್ತ ನಿಂತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು. ಅವನೇ. ಕೈಯಲ್ಲಿ ಆ ಪುಸ್ತಕವಿತ್ತು, ಬೆರಳು ಒಂದು ಪುಟದ ಮಧ್ಯೆ ಇತ್ತು.

“ಸಾರ್,” ಎಂದ.

ದೊಡ್ಡಪ್ಪ ಹೋಗಿ ಮತ್ತೆ ಸಾರ್ ಆಗಿದ್ದೆ. ಚುರುಕ್ಕೆಂದಿತು, ಆದರೆ ನ್ಯಾಯವಾಗಿತ್ತು.

“ಸಮಾಧಾನ ಹೇಳೋಕೆ ಬಂದಿಲ್ಲ ಸಾರ್. ನಿಮ್ಮ ಮೇಲೆ ಸಿಟ್ಟಿದೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನಮ್ಮಮ್ಮನ್ನ ನೋಡಿದೋರು ಅಂತ ನನಗೆ ಗೊತ್ತಿರೋದು ನೀವೊಬ್ರೇ. ಇನ್ನೂ ಏನಾದ್ರೂ ಹೇಳೋದು ಬಿಟ್ಟಿದ್ರೆ ಹೇಳ್ಬಿಡಿ. ಇವತ್ತೇ ಕೊನೆ.”

ಬಿಟ್ಟಿದ್ದದ್ದು ಒಂದೇ ಇತ್ತು. ಮೂವತ್ತೆಂಟು ವರ್ಷ ಯಾರಿಗೂ ಹೇಳದ ಆ ಮಾತು. ಎರಡು ಸಲ ನಿಲ್ಲಿಸಿ ಹೇಳಬೇಕಾಯಿತು.

ಸಣ್ಣ ತಕ್ಕಡಿಯಲ್ಲಿ ಅವನನ್ನು ಮಲಗಿಸಿದಾಗ ಮುಳ್ಳು ನಾಲ್ಕೂವರೆಗೆ ಹೋಗಿತ್ತು. ನಾಲ್ಕಕ್ಕಿಂತ ಹೆಚ್ಚಿದೆ ಎಂದೆ. ಅವಳು ಕಂಬಳಿ ಬಿಚ್ಚಿದಳು. ಟೋಪಿ ತೆಗೆದಳು. ಕಾಲಿನ ಚೀಲಗಳನ್ನೂ ಒಂದೊಂದಾಗಿ ಎಳೆದಳು. ಆದರೂ ಮುಳ್ಳು ನಾಲ್ಕೂಕಾಲಿನಿಂದ ಕೆಳಗೆ ಇಳಿಯಲಿಲ್ಲ. ಅವಳು ಮಗುವನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ, ಮುಳ್ಳನ್ನೇ ನೋಡುತ್ತಿದ್ದಳು. ಆಮೇಲೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಸಣ್ಣ ದನಿಯಲ್ಲಿ ಹೇಳಿದಳು.

“‘ಈಗ ತಾನೇ ಹಾಲು ಕುಡಿಸಿದೆ ಅಣ್ಣಾ, ಅದಕ್ಕೇ ಜಾಸ್ತಿ ತೋರಿಸ್ತಿದೆ’ ಅಂದ್ರು,” ಎಂದೆ. “ನಾನು ನಾಲ್ಕು ಅಂತ ಬರೆದೆ. ನನ್ನ ಕೈ ಏನೂ ಸೇರಿಸದೆ ಬರೆದಿದ್ದು ಜೀವಮಾನದಲ್ಲಿ ಅದೊಂದೇ. ಕಾಲು ಕಿಲೋ ಕಡಿಮೆ ಬರೆದೆ.”

ಹೊರಗೆ ಯಾರೋ ಫೋಟೋಕ್ಕೆ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

“ಅಂದ್ರೆ ನನ್ನ ಹೊಟ್ಟೆ ತುಂಬಿತ್ತು,” ಎಂದ.

“ತುಂಬಿತ್ತಪ್ಪಾ. ನನ್ನ ಕೋಟಿನ ಮೇಲೆಲ್ಲ ಕಕ್ಕಿದ್ದೆ.”

ಕೂರಲು ಬೇರೇನೂ ಇರಲಿಲ್ಲ, ಅವನು ದೊಡ್ಡ ತಕ್ಕಡಿಯ ಹಲಗೆಯ ಮೇಲೇ ಕುಸಿದು ಕುಳಿತು, ಪುಸ್ತಕವನ್ನು ಹೊಟ್ಟೆಗೆ ಅವುಚಿಕೊಂಡು ಅತ್ತ. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಡಲು ನನಗೆ ಹಕ್ಕಿರಲಿಲ್ಲ. ಪಕ್ಕದಲ್ಲಿ ನಿಂತಿದ್ದೆ. ಒರೆಸಿದ ಗಾಜಿನ ಹಿಂದೆ ಮುಳ್ಳು ಏರಿ, ಅವನ ಅಳುವಿಗೆ ಸ್ವಲ್ಪ ನಡುಗಿ, ಎಪ್ಪತ್ತೊಂದಕ್ಕೆ ಹೋಗಿ ನಿಂತಿತು. ಎಪ್ಪತ್ತೊಂದು ಎಂದೇ ಓದಿಕೊಂಡೆ.